ಲಫ್ರಾಯ್ಗ್ ವಿಸ್ಕಿಗೆ ಆಸ್ಪತ್ರೆಯ ವಾಸನೆ ಏಕೆ?

ಪ್ರಶ್ನೆ: ವಿದೇಶದಿಂದ ಬಂದ ಅಣ್ಣ ಲಫ್ರಾಯ್ಗ್ 10 ವರ್ಷದ ಸಿಂಗಲ್ ಮಾಲ್ಟ್ ತಂದಿದ್ದಾರೆ. ಬಿರಡೆ ತೆಗೆದೊಡನೆ ಆಸ್ಪತ್ರೆಯ ವಾರ್ಡಿನ ವಾಸನೆ! ಔಷಧ ಬೆರೆಸುತ್ತಾರೆಯೇ? ಇಲ್ಲ, ಬಾಟಲಿಯೇ ನಕಲಿಯೇ?

ಉತ್ತರ: ಬೆರೆಸುವುದಿಲ್ಲ, ಬೆರೆಸುವಂತೆಯೂ ಇಲ್ಲ. ಮೊಳಕೆ ಬಾರ್ಲಿ, ನೀರು, ಯೀಸ್ಟ್ ಬಿಟ್ಟರೆ ಬಣ್ಣಕ್ಕೆಂದು ಸುಟ್ಟ ಸಕ್ಕರೆಯನ್ನಷ್ಟೇ ಸ್ಕಾಚ್ ಮಾಲ್ಟ್‌ಗೆ ಕಾನೂನು ಒಪ್ಪುತ್ತದೆ. ಆದರೆ ನಿಮ್ಮ ಮೂಗಿನ ತಪ್ಪೂ ಇಲ್ಲ. ಅದು ಆಸ್ಪತ್ರೆಯ ವಾಸನೆಯೇ; ಬಂದದ್ದು ಮಾತ್ರ ಹೊಗೆಯಿಂದ.

ಲಫ್ರಾಯ್ಗ್ ಭಟ್ಟಿ ಇರುವುದು ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದ ದಕ್ಷಿಣ ದಡದಲ್ಲಿ. ಜಾನ್‌ಸ್ಟನ್ ಸೋದರರು 1815ರಲ್ಲಿ ಆರಂಭಿಸಿದ್ದು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸುವುದು ನಮ್ಮ ಮನೆಗಳಿಗೆ ಹೊಸತಲ್ಲ. ಬಾರ್ಲಿಗೂ ಅಲ್ಲಿ ಅದೇ ಉಪಚಾರ; ಹಾಗೆ ಒಣಗಿದ ಮೊಳಕೆಕಾಳೇ ಮಾಲ್ಟ್. ನಾವು ಬಿಸಿಲಿಗೆ ಹರವುತ್ತೇವೆ. ಮಳೆ ಬಿಡದ ಐಲಾದಲ್ಲಿ ಬಿಸಿಲನ್ನು ನೆಚ್ಚುವಂತಿಲ್ಲ, ಸೌದೆಗೆ ಮರಗಳೂ ಕಡಿಮೆ. ಹೇರಳವಾಗಿರುವುದು ಪೀಟ್: ಜೌಗು ನೆಲದಲ್ಲಿ ಪಾಚಿ, ಹುಲ್ಲು, ಕುರುಚಲು ಗಿಡಗಳು ಸಾವಿರಾರು ವರ್ಷ ಅರೆಕೊಳೆತು ಉಳಿದ ಕಪ್ಪು ಮಣ್ಣು. ಇಟ್ಟಿಗೆಯಂತೆ ಕಡಿದು ಒಣಗಿಸಿದರೆ ಉರಿಯುತ್ತದೆ. ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು.

ಆ ಹೊಗೆಯಲ್ಲಿ ಫಿನಾಲ್, ಕ್ರೆಸಾಲ್, ಗ್ವಾಯಕಾಲ್ ಎಂಬ ರಾಸಾಯನಿಕಗಳಿರುತ್ತವೆ. ಹಸಿ ಮೊಳಕೆಯ ಮೈಗೆ ಇವು ಅಂಟಿಕೊಳ್ಳುತ್ತವೆ. ಫಿನಾಲ್‌ನ ಹಳೆಯ ಹೆಸರು ಕಾರ್ಬಾಲಿಕ್ ಆಮ್ಲ; 1865ರಲ್ಲಿ ಜೋಸೆಫ್ ಲಿಸ್ಟರ್ ಗಾಯಗಳು ಕೀವಾಗದಂತೆ ಹಚ್ಚಿದ್ದು ಇದನ್ನೇ, ಅದೂ ಸ್ಕಾಟ್ಲೆಂಡಿನದೇ ಗ್ಲಾಸ್ಗೋ ಆಸ್ಪತ್ರೆಯಲ್ಲಿ. ನೆಲ ಒರೆಸುವ ಕಪ್ಪು ಫಿನಾಯಿಲ್‌ನ ಘಾಟೂ ಇದೇ ಕುಲದ್ದು. ಹೀಗಾಗಿ ಮೂಗಿಗೆ ಮೊದಲು ನೆನಪಾಗುವುದು ವಾರ್ಡು.

ಲಫ್ರಾಯ್ಗ್ ಮಾಲ್ಟ್‌ನಲ್ಲಿ ಫಿನಾಲ್ ಅಂಶ ಹತ್ತು ಲಕ್ಷಕ್ಕೆ 40ರ ಆಸುಪಾಸು ಎನ್ನುವ ಲೆಕ್ಕವನ್ನು ಅಭಿಮಾನಿಗಳು ಕ್ರಿಕೆಟ್ ಸ್ಕೋರಿನಂತೆ ಒಪ್ಪಿಸುತ್ತಾರೆ. ಅದು ಕಾಳಿನ ಲೆಕ್ಕ, ಲೋಟದ್ದಲ್ಲ. ಭಟ್ಟಿ ಇಳಿಸುವಾಗ ಬಹುಪಾಲು ಕಳೆದುಹೋಗುತ್ತದೆ. ಘಾಟಿನ ಅಂಶಗಳು ಇಳಿಯುವುದು ಕೊನೆಕೊನೆಗೆ. ಸಂಗ್ರಹವನ್ನು ಎಲ್ಲಿ ನಿಲ್ಲಿಸಬೇಕೆಂಬ ತೀರ್ಮಾನದಲ್ಲೇ ಅರ್ಧ ರುಚಿ ಅಡಗಿದೆ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಮೆತ್ತಗಾಗುವುದರಿಂದ 25 ವರ್ಷದ್ದಕ್ಕಿಂತ ನಿಮ್ಮ 10 ವರ್ಷದ್ದೇ ಮೂಗಿಗೆ ಜೋರು. ಕಡಲ ಗಾಳಿ ಪೀಪಾಯಿಯೊಳಗೆ ಅಯೋಡಿನ್ ತುಂಬುತ್ತದೆ ಎಂಬ ಕಥೆಯನ್ನು ನಾನಂತೂ ನಂಬುವುದಿಲ್ಲ: ಪೀಪಾಯಿಯನ್ನೇ ಕಾಣದ, ಆಗಷ್ಟೇ ಇಳಿದ ಮದ್ಯಕ್ಕೂ ಈ ವಾಸನೆ ಇರುತ್ತದೆ.

ಎಲ್ಲ ಸ್ಕಾಚ್‌ಗೂ ಈ ಘಾಟಿಲ್ಲ. ಹೊಗೆ ತಾಗದ ಮಾಲ್ಟ್‌ಗಳೇ ಹೆಚ್ಚು. ಈ ರುಚಿಗೆ ಮೆಲ್ಲಗೆ ಒಗ್ಗಿಕೊಳ್ಳಬೇಕೆಂದಿದ್ದರೆ ಬೆಂಗಳೂರಿನ ಅಮೃತ್ ಫ್ಯೂಷನ್ ಇದೆ. ಭಾರತದ ಬಾರ್ಲಿಯೊಂದಿಗೆ ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ ಸೇರಿಸಿ ಮಾಡುವುದರಿಂದ ಅದರಲ್ಲಿ ಹೊಗೆ ಇಣುಕುತ್ತದೆ, ಮೈಮೇಲೆ ಬೀಳುವುದಿಲ್ಲ.

ಇನ್ನು ನಕಲಿಯ ಮಾತು. ಲಫ್ರಾಯ್ಗ್ ಎಂದು ಬರೆದ ಬಾಟಲಿ ಆಸ್ಪತ್ರೆಯಂತೆ ನಾರದಿದ್ದರೆ ಆಗ ಅಣ್ಣನನ್ನು ಕೇಳಿ.