ಕಂಪ್ಯೂಟರ್ ಎಂಬ ನೌಕರಿ

ಕಂಪ್ಯೂಟರ್ ಅನ್ನೋದು ಮೊದಲಿಗೆ ಯಂತ್ರದ ಹೆಸರಲ್ಲ, ನೌಕರಿಯ ಹೆಸರು. ಲ್ಯಾಟಿನ್‌ನಲ್ಲಿ ‘ಕಂಪ್ಯುಟಾರೆ’ ಎಂದರೆ ಲೆಕ್ಕ ಹಾಕುವುದು. 17ನೇ ಶತಮಾನದ ಇಂಗ್ಲಿಷಿನಲ್ಲಿ ಲೆಕ್ಕ ಹಾಕುವ ಮನುಷ್ಯನನ್ನು ಕಂಪ್ಯೂಟರ್ ಎನ್ನುತ್ತಿದ್ದರು.

ಏನು ಲೆಕ್ಕ ಅಂತೀರಾ? ಬ್ರಿಟನ್ನಿನ ‘ನಾಟಿಕಲ್ ಆಲ್ಮನ್ಯಾಕ್’ ನಾವಿಕರ ಪಂಚಾಂಗ. ಮೊದಲನೆಯದು 1767ನೇ ಇಸವಿಯದು. ಚಂದ್ರ ಯಾವ ನಕ್ಷತ್ರದಿಂದ ಎಷ್ಟು ದೂರ ಕಾಣುತ್ತಾನೆ ಅನ್ನೋದನ್ನು ಮೂರು ಮೂರು ಗಂಟೆಗೆ, ಇಡೀ ವರ್ಷಕ್ಕೆ ಮೊದಲೇ ಲೆಕ್ಕ ಹಾಕಿ ಅದರಲ್ಲಿ ಅಚ್ಚು ಹಾಕುತ್ತಿದ್ದರು. ನಡುಸಮುದ್ರದಲ್ಲಿ ರೇಖಾಂಶ ತಿಳಿಯಲು ಅದೇ ಆಧಾರ. ಖಗೋಳ ವಿಜ್ಞಾನಿ ನೆವಿಲ್ ಮ್ಯಾಸ್ಕಲಿನ್ ಈ ಕೆಲಸವನ್ನು ಬೇರೆ ಬೇರೆ ಊರಿನ ಕಂಪ್ಯೂಟರ್‌ಗಳಿಗೆ ಹಂಚುತ್ತಿದ್ದರು. ಅವರು ಮನೆಯಲ್ಲೇ ಕೂತು ಲಾಗರಿದಮ್ ಪಟ್ಟಿ ನೋಡಿಕೊಂಡು ಲೆಕ್ಕ ಮಾಡಬೇಕು. ಒಂದೇ ಲೆಕ್ಕ ಇಬ್ಬರಿಗೆ. ಮೂರನೆಯವರು ತಾಳೆ ನೋಡುತ್ತಿದ್ದರು. ಒಮ್ಮೆ ಇಬ್ಬರು ಒಳಗೊಳಗೇ ಉತ್ತರ ಹೊಂದಿಸಿಕೊಂಡು ಸಿಕ್ಕಿಬಿದ್ದರು, ಕೆಲಸವೂ ಹೋಯಿತು.

ಲಡ್ಲೋ ಊರಿನ ಮೇರಿ ಎಡ್ವರ್ಡ್ಸ್ ಇವರಲ್ಲಿ ಒಬ್ಬರು. ದುಡ್ಡು ಬರುತ್ತಿದ್ದದ್ದು ಗಂಡನ ಹೆಸರಿಗೆ, ಲೆಕ್ಕ ಮಾಡುತ್ತಿದ್ದದ್ದು ಮೇರಿ. 1784ರಲ್ಲಿ ಗಂಡ ತೀರಿಕೊಂಡ ಮೇಲಷ್ಟೇ ಕೆಲಸ ಆಕೆಯ ಹೆಸರಿಗೆ ಬಂತು.

ನಮ್ಮ ದೇಶದಲ್ಲೂ ಈ ನೌಕರಿ ಇತ್ತು. ಕಲ್ಕತ್ತದ ರಾಧಾನಾಥ ಸಿಕ್ದಾರ್ 1831ರಲ್ಲಿ ಸರ್ವೆ ಇಲಾಖೆಗೆ ಕಂಪ್ಯೂಟರ್ ಆಗಿ ಸೇರಿದರು. ಹಿಮಾಲಯದ ‘15ನೇ ಶಿಖರ’ದ ಕೋನಗಳನ್ನು ಸರ್ವೆಯವರು ನೂರು ಮೈಲಿ ಆಚೆಯಿಂದ ಅಳೆದು ತಂದಿದ್ದರು. ಅಷ್ಟು ದೂರದಿಂದ ಬರುವ ಬೆಳಕು ಗಾಳಿಯಲ್ಲಿ ಬಾಗುತ್ತದೆ. ನೆಲವೂ ಚಪ್ಪಟೆಯಲ್ಲ. ಎರಡನ್ನೂ ಸರಿಪಡಿಸಿ ಎತ್ತರ ತೆಗೆಯಬೇಕು. ಸಿಕ್ದಾರ್ ಮತ್ತು ಅವರ ಜೊತೆಯವರ ಲೆಕ್ಕದಿಂದ 1856ರಲ್ಲಿ ಹೊರಬಂದ ಎತ್ತರ 29,002 ಅಡಿ. ಇವತ್ತಿನ ಅಳತೆಗೂ ಅದಕ್ಕೂ ಸುಮಾರು 30 ಅಡಿ ವ್ಯತ್ಯಾಸ, ಅಷ್ಟೇ! ಶಿಖರಕ್ಕೆ ಮಾತ್ರ ಅವರ ಹಳೆಯ ಮೇಲಧಿಕಾರಿ ಜಾರ್ಜ್ ಎವರೆಸ್ಟ್ ಅವರ ಹೆಸರನ್ನಿಟ್ಟರು.

ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಫಿರಂಗಿ ಗುಂಡು ಸಾಗುವ ದಾರಿಯನ್ನು ಹೆಣ್ಣುಮಕ್ಕಳು ಲೆಕ್ಕ ಹಾಕುತ್ತಿದ್ದರು. ಒಂದು ದಾರಿಗೆ 30 ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸಿತು. ಯಂತ್ರಕ್ಕೆ ಲೆಕ್ಕ ಹೂಡಲು ಆರಿಸಿದ್ದು ಈ ಕಂಪ್ಯೂಟರ್‌ಗಳಲ್ಲೇ ಆರು ಮಂದಿಯನ್ನು. 1946ರ ಫೆಬ್ರವರಿಯಲ್ಲಿ ಎನಿಯಾಕ್ ಅನ್ನು ಜನರ ಮುಂದೆ ನಡೆಸಿ ತೋರಿಸಿದಾಗ ಆ ಲೆಕ್ಕ ಸಿದ್ಧಪಡಿಸಿದ್ದವರು ಬೆಟ್ಟಿ ಜೆನ್ನಿಂಗ್ಸ್ ಮತ್ತು ಬೆಟ್ಟಿ ಸ್ನೈಡರ್. ಅವತ್ತಿನ ರಾತ್ರಿಯ ಔತಣಕ್ಕೆ ಅವರಿಬ್ಬರನ್ನೂ ಕರೆದಿರಲಿಲ್ಲ.