ಓಡುವಾಗಲೂ ಕ್ಯಾಮರಾ ಯಾಕೆ ಬಿಡಲಿಲ್ಲ?

ಮುಂಬೈಯ ಮಾತುಂಗಾದಲ್ಲಿ ನಮ್ಮ ಮಾವನದ್ದೊಂದು ಸಣ್ಣ ಹೋಟೆಲ್ ಇದೆ. ಒಂದು ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನೋಣ ಅಂತ ಹೋದರೆ ಹುಡುಗರೆಲ್ಲ ಗಲ್ಲಾದ ಹಿಂದೆ ಗುಂಪುಗೂಡಿ ಸಿಸಿಟಿವಿ ನೋಡುತ್ತಿದ್ದರು. ಹಿಂದಿನ ರಾತ್ರಿಯ ರೆಕಾರ್ಡಿಂಗ್. ಶಟರ್ ಎಳೆದಿದೆ. ಕುರ್ಚಿಗಳು ಮೇಜಿನ ಮೇಲೆ ಬೋರಲು ಬಿದ್ದಿವೆ. ಮೂಲೆಯಲ್ಲಿ ಸಮಯ 2:17. ಇದ್ದಕ್ಕಿದ್ದಂತೆ ಬೆಳ್ಳಗಿನದೇನೋ ಎಡಗಡೆಯಿಂದ ತೇಲಿ ಬಂತು. ಗಲ್ಲಾದ ಮುಂದೆ ಸ್ವಲ್ಪ ಹೊತ್ತು ತೂಗಾಡಿತು. ಹಾಗೇ ಮರೆಯಾಯಿತು.

"ಕುಲೆಯೇ ಅಣ್ಣಾ" ಅಂದ ಕಾರ್ಕಳದ ಹುಡುಗ. ತುಳುವಿನಲ್ಲಿ ಪ್ರೇತಕ್ಕೆ ಹಾಗನ್ನುತ್ತಾರೆ. ನನಗೂ ಮೈ ಜುಮ್ಮೆಂದಿತ್ತು.

ಆಮೇಲೆ ಸ್ಟೂಲ್ ಹತ್ತಿ ನೋಡಿದೆ. ಲೆನ್ಸಿನ ಮುಂದೆ ಜೇಡರ ಬಲೆಯ ಒಂದು ಎಳೆ ಜೋತಾಡುತ್ತಿತ್ತು. ಇಂಥ ಕ್ಯಾಮರಾದ ಲೆನ್ಸಿನ ಸುತ್ತ ಅತಿಗೆಂಪು ಬೆಳಕು ಚೆಲ್ಲುವ ಪುಟ್ಟ ದೀಪಗಳಿರುತ್ತವೆ. ಆ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಎಳೆ ಇದ್ದದ್ದು ಎರಡು ಇಂಚಿನಲ್ಲಿ, ಎದುರಿನ ಗೋಡೆ ಸುಮಾರು 20 ಅಡಿ ದೂರದಲ್ಲಿ. ಲೆಕ್ಕ ಹಾಕಿದರೆ ಎಳೆಯ ಮೇಲೆ ಗೋಡೆಗಿಂತ 14,400 ಪಟ್ಟು ಜಾಸ್ತಿ ಬೆಳಕು! ಅಷ್ಟು ಹತ್ತಿರದ್ದು ಫೋಕಸ್‌ಗೂ ಸಿಗುವುದಿಲ್ಲ. ಕೂದಲಿನಷ್ಟು ಸಪೂರದ ಎಳೆ ಮಂಜಿನ ಮುದ್ದೆಯಂತೆ ಹರಡಿಕೊಳ್ಳುತ್ತದೆ.

ಅದನ್ನೇ ಯಾರಾದರೂ ಮೊಬೈಲಿನಲ್ಲಿ ತೆಗೆದು ತೋರಿಸಿದ್ದರೆ ನಾವು ಅಷ್ಟು ಸುಲಭಕ್ಕೆ ನಂಬುತ್ತಿದ್ದೆವಾ? "ರಾತ್ರಿ ಎರಡು ಗಂಟೆಗೆ ನೀನಲ್ಲಿ ಏನು ಮಾಡ್ತಿದ್ದೆ?" ಅಂತಲೇ ಮೊದಲು ಕೇಳುತ್ತಿದ್ದೆವು. ಸಿಸಿಟಿವಿಗೆ ಆ ಪ್ರಶ್ನೆ ಬರುವುದಿಲ್ಲ. ಅದು ಅಲ್ಲಿರುವುದೇ ನೋಡುವುದಕ್ಕೆ.

ಫೌಂಡ್ ಫೂಟೇಜ್ ಅನ್ನುವ ದೆವ್ವದ ಸಿನಿಮಾಗಳ ಗೆಲುವು ಸೋಲು ನಿಂತಿರುವುದು ಇದೇ ಪ್ರಶ್ನೆಯ ಮೇಲೆ ಅಂತ ನನಗನ್ನಿಸುತ್ತದೆ. ಕಥೆಯೊಳಗಿನವರೇ ಚಿತ್ರೀಕರಿಸಿದ್ದು, ಅವರಿಗೆ ಏನೋ ಆದಮೇಲೆ ಯಾರಿಗೋ ಸಿಕ್ಕಿದ್ದು ಎಂಬಂತೆ ಇವನ್ನು ತೋರಿಸುತ್ತಾರೆ. ಕನ್ನಡದಲ್ಲೂ 2013ರಲ್ಲಿ '6-5=2' ಬಂತು, ಚಾರಣಕ್ಕೆ ಹೋದ ಗೆಳೆಯರ ಕಥೆ. ಗೆಳೆಯರು ಚಾರಣದಲ್ಲಿ ವಿಡಿಯೋ ಮಾಡುವುದು ಸಹಜ. ದೆವ್ವ ಅಟ್ಟಿಸಿಕೊಂಡು ಬಂದಾಗಲೂ ಮಾಡುತ್ತಿರುವುದು ಹೇಗೆ? ಆ ಕ್ಷಣಕ್ಕೆ ಉತ್ತರ ಬೇಕು.

1999ರ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ಆ ಉತ್ತರವನ್ನು ಕಥೆಯೊಳಗೇ ಇಟ್ಟಿದೆ. ಮಾಟಗಾತಿಯ ಐತಿಹ್ಯದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಮೂವರು ಕಾಡಿಗೆ ಹೋಗಿ ದಾರಿ ತಪ್ಪುತ್ತಾರೆ. ಚಿತ್ರೀಕರಿಸುವುದೇ ಅವರ ಕೆಲಸ. ಎಲ್ಲ ಕೈಮೀರಿದ ಮೇಲೂ ಹುಡುಗಿ ಕ್ಯಾಮರಾ ಬಿಡುವುದಿಲ್ಲ. ಜೊತೆಗಾರ ಅದನ್ನು ಕೈಗೆ ತಗೊಂಡು ನೋಡಿ, ಇದರೊಳಗಿಂದ ನೋಡಿದರೆ ಎಲ್ಲ ಅಷ್ಟು ನಿಜ ಅನ್ನಿಸುವುದಿಲ್ಲ, ಅದಕ್ಕೇ ನಿನಗಿದು ಬೇಕು ಅನ್ನುವ ಅರ್ಥದ ಮಾತಾಡುತ್ತಾನೆ. ಎಂಥ ಮಾತು! ಹೆದರಿದವಳಿಗೆ ಕ್ಯಾಮರಾ ಒಂದು ಮರೆ. ನಟರೇ ಕಾಡಿನಲ್ಲಿ ಸುಮಾರು ಎಂಟು ದಿನ ಕ್ಯಾಮರಾ ಹಿಡಿದು ಇದನ್ನು ತೆಗೆದರು. ನಿರ್ದೇಶಕರು ದಿನದಿನಕ್ಕೆ ಊಟ ಕಡಿಮೆ ಮಾಡುತ್ತಾ ಹೋದರು. ಆ ಸಿಡುಕಿನಲ್ಲಿ ನಟನೆ ಎಷ್ಟು, ಹಸಿವೆಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ.

ಇದಾದಮೇಲೆ ಬಂದ ಎಷ್ಟೋ ಸಿನಿಮಾಗಳು ಕಾರಣವನ್ನು ಬಿಟ್ಟು ಅಲುಗಾಟವನ್ನಷ್ಟೇ ಹಿಡಿದುಕೊಂಡವು. ಆದರೆ ಅಲುಗಾಡುವ ಚಿತ್ರ ನಮ್ಮ ಕಣ್ಣು ಕಂಡ ನಿಜವೇ ಅಲ್ಲ. ಪರೀಕ್ಷಿಸಿ ನೋಡಿ. ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣಿನ ಹೊರತುದಿಯನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ. ಎದುರಿನ ಗೋಡೆ ಕದಲುತ್ತದೆ. ಬೆರಳು ತೆಗೆದು ಸುಮ್ನೆ ಕಣ್ಣನ್ನು ಅತ್ತಿತ್ತ ಹೊರಳಿಸಿ. ಗೋಡೆ ನಿಂತಲ್ಲೇ ನಿಂತಿರುತ್ತದೆ. ಕಣ್ಣಿಗೆ ಹೊರಳು ಅಂತ ಹೇಳಿದ್ದು ಮಿದುಳೇ ಆದ್ದರಿಂದ ಅದು ಆ ಚಲನೆಯನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ಇನ್ನು ತಲೆ ಅಲುಗಿದರೆ ಒಳಕಿವಿಗೆ ತಿಳಿಯುತ್ತದೆ, ಕಣ್ಣುಗುಡ್ಡೆ ತಕ್ಷಣ ಎದುರು ದಿಕ್ಕಿಗೆ ತಿರುಗಿ ಸರಿದೂಗಿಸುತ್ತದೆ. ದಾದರ್ ಸೇತುವೆ ಮೇಲೆ ಲೋಕಲ್ ಹಿಡಿಯಲು ಎಷ್ಟು ಸಲ ಓಡಿಲ್ಲ ನಾವು? ಸ್ಟೇಷನ್ ಯಾವತ್ತಾದರೂ ಕುಣಿಯಿತಾ?

ಹಾಗಿದ್ದೂ ಕುಣಿಯುವ ಚಿತ್ರವನ್ನು ನಂಬುತ್ತೇವೆ. ಮನೆಯ ಮದುವೆ, ಮಳೆನೀರು ನುಗ್ಗಿದ ಬೀದಿ, ರಸ್ತೆಯ ಅಪಘಾತ, ಇವನ್ನೆಲ್ಲ ಹಾಗೇ ನೋಡಿ ನಮಗೆ ರೂಢಿಯಾಗಿದೆ. ಅಲುಗಾಡಿದರೆ ಅದು ಪೂರ್ವತಯಾರಿ ಇಲ್ಲದ್ದು ಅಂತ ಮನಸ್ಸು ಕಲಿತುಕೊಂಡಿದೆ. ಜಾಸ್ತಿಯಾದರೆ ಮಾತ್ರ ಕೆಡುತ್ತದೆ. ಕಣ್ಣು ಓಡುತ್ತಿದ್ದೇನೆ ಅನ್ನುತ್ತದೆ, ಒಳಕಿವಿ ಕೂತಿದ್ದೇನೆ ಅನ್ನುತ್ತದೆ. ಆ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ.

ಓರೆನ್ ಪೆಲಿ ಇದರ ತದ್ವಿರುದ್ಧ ದಾರಿ ಹಿಡಿದರು. 2007ರ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ಸ್ಯಾನ್ ಡಿಯಾಗೋದ ತಮ್ಮ ಮನೆಯಲ್ಲೇ ಸುಮಾರು 15,000 ಡಾಲರ್‌ಗಳಲ್ಲಿ ತೆಗೆದರು. ಭಯ ಹುಟ್ಟಿಸುವ ರಾತ್ರಿಗಳಲ್ಲಿ ಕ್ಯಾಮರಾ ಸ್ಟ್ಯಾಂಡಿನ ಮೇಲೆ ಕದಲದೆ ನಿಂತಿರುತ್ತದೆ. ದಂಪತಿಗಳಂತೆ ಬದುಕುವ ಜೋಡಿಯೊಂದು ಮಲಗಿದೆ. ತೆರೆದ ಬಾಗಿಲು, ಅದರಾಚೆ ಕತ್ತಲು. ಮೂಲೆಯಲ್ಲಿ ಸಮಯ. ಎಲ್ಲಿ ನೋಡಬೇಕು ಅಂತ ಯಾರೂ ಹೇಳುವುದಿಲ್ಲ, ನಾವೇ ಹುಡುಕುತ್ತೇವೆ. ಕಾಯುವ ಮಿದುಳು ಮಸುಕಿನಲ್ಲೂ ಆಕಾರ ಕಟ್ಟಿಕೊಳ್ಳುತ್ತದೆ. ಕತ್ತಲಲ್ಲಿ ಮನುಷ್ಯರು ಸದ್ದಿಗೆ ಬೆಚ್ಚುವುದೂ ಹೆಚ್ಚು ಅಂತ ಪ್ರಯೋಗಗಳು ತೋರಿಸಿವೆ. ಹಾಗಾಗಿ ಒಂದು ಬಾಗಿಲು ಒಂದಿಷ್ಟು ಸರಿದರೂ ಸಾಕು.

ಇಂಥ ಕಡೆ ಹಿನ್ನೆಲೆ ಸಂಗೀತ ಬಂತೋ, ನನ್ನ ಮಟ್ಟಿಗೆ ಸಿನಿಮಾ ಮುಗಿಯಿತು. ಕಾಡಿನಲ್ಲಿ ಸಿಕ್ಕಿದ ಟೇಪಿಗೆ ಪಿಟೀಲು ನುಡಿಸಿದವರು ಯಾರು? ಇದನ್ನು ಕೊಂಕು ಅನ್ನಬೇಡಿ. ಹಾರುವ ದೆವ್ವವನ್ನು ಒಪ್ಪುವ ಪ್ರೇಕ್ಷಕ, ಬ್ಯಾಟರಿ ಮುಗಿಯದ ಕ್ಯಾಮರಾವನ್ನು ಒಪ್ಪುವುದಿಲ್ಲ. ದೆವ್ವವನ್ನು ಅವನು ಕಂಡಿಲ್ಲ. ಬ್ಯಾಟರಿ ಅವನಿಗೆ ದಿನಾ ಗೊತ್ತು.

ಬಲೆ ತೆಗೆದು ಲೆನ್ಸ್ ಒರೆಸಿದೆ. ಹುಡುಗನಿಗೆ ಎಳೆಯನ್ನು ಬೆರಳ ಮೇಲೆ ಇಟ್ಟು ತೋರಿಸಿದೆ. ಅವನಿಗೆ ಎಲ್ಲ ಅರ್ಥವಾಯಿತು, ಎರಡು ಪ್ರಶ್ನೆಯನ್ನೂ ಕೇಳಿದ. ಆದರೆ ಆ ರಾತ್ರಿ ಹಾಸಿಗೆಯನ್ನು ಗಲ್ಲಾದ ಪಕ್ಕದಿಂದ ಎತ್ತಿ ಒಳಗೆ ಗ್ರೈಂಡರ್ ಹತ್ತಿರ ಹಾಕಿಕೊಂಡನಂತೆ. ಅಲ್ಲಿ ಕ್ಯಾಮರಾ ಇಲ್ಲ.