ಸರದಿ ಬರುವ ಮೊದಲೇ ಶುರುವಾಗುವ ಭಯ

ಜರ್ಮನ್ ಕ್ಲಾಸು. ಮೇಡಂ ಸಾಲಾಗಿ ಒಬ್ಬೊಬ್ಬರನ್ನೇ ಕೇಳುತ್ತಾ ಬರುತ್ತಿದ್ದಾರೆ. ನಾನು ನಾಲ್ಕನೆಯವಳು. ತಕ್ಷಣ ನಾಲ್ಕನೇ ಪ್ರಶ್ನೆ ಹುಡುಕಿ, ಅದರ ಉತ್ತರವನ್ನೇ ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಳ್ಳುತ್ತೇನೆ. ಮೊದಲ ಮೂವರು ಏನು ಹೇಳಿದರು? ಒಂದೂ ಕಿವಿಗೆ ಬಿದ್ದಿರುವುದಿಲ್ಲ. ನಿಮಗೂ ಹೀಗೇ ಆಗುತ್ತೆ ಅಲ್ವಾ?

1986ರಲ್ಲಿ ಸಂಶೋಧಕರಾದ ಎಲೇನ್ ಹಾರ್ವಿಟ್ಜ್, ಮೈಕೆಲ್ ಹಾರ್ವಿಟ್ಜ್ ಮತ್ತು ಜೋಆನ್ ಕೋಪ್ ಈ ಭಯವನ್ನು ಅಳೆಯಲು 33 ಹೇಳಿಕೆಗಳ ಪಟ್ಟಿ ಮಾಡಿದರು. ಮಾತಾಡುವ ಅಳುಕು, ಪರೀಕ್ಷೆಯ ಭಯ, ಬೇರೆಯವರು ಏನಂದುಕೊಳ್ಳುತ್ತಾರೋ ಅನ್ನುವ ಭಯ, ಮೂರೂ ಇದಕ್ಕೆ ಹತ್ತಿರ. ಆದರೆ ಮೂರನ್ನೂ ಕೂಡಿಸಿದರೆ ಇದು ಬರುವುದಿಲ್ಲ, ಇದು ಭಾಷೆ ಕಲಿಯುವಾಗಲೇ ಹುಟ್ಟುವ ಬೇರೆ ಆತಂಕ ಅನ್ನುವುದು ಅವರ ವಾದ. ನನಗೆ ಅದು ಸರಿ ಅನಿಸುತ್ತದೆ. ಲೆಕ್ಕ ತಪ್ಪಿದರೆ ಲೆಕ್ಕವಷ್ಟೇ ತಪ್ಪುತ್ತದೆ. ಇಲ್ಲಿ, ಕನ್ನಡದಲ್ಲಿ ಧೈರ್ಯವಾಗಿ ವಾದ ಮಾಡುವ ನಾನು ಮೂರು ಪದಕ್ಕೆ ತಡವರಿಸಬೇಕು.

ಮುಂದೆ ಮನಶ್ಶಾಸ್ತ್ರಜ್ಞರಾದ ಪೀಟರ್ ಮ್ಯಾಕಿಂಟೈರ್ ಮತ್ತು ರಾಬರ್ಟ್ ಗಾರ್ಡ್ನರ್ ಈ ಆತಂಕವನ್ನು ಮೂರು ಹಂತಗಳಲ್ಲಿ ನೋಡಿದರು: ಕೇಳಿಸಿಕೊಳ್ಳುವಾಗ, ತಲೆಯಲ್ಲಿ ಅರಗಿಸಿಕೊಳ್ಳುವಾಗ, ಬಾಯಿ ಬಿಡುವಾಗ. ಪರೀಕ್ಷೆಗೆ ಓದುವವರು ಇದನ್ನು ಬಿಡಬೇಡಿ. ತೊಂದರೆ ಬಾಯಿಯದು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಕಿವಿಯಲ್ಲೇ ಶುರುವಾಗಿರಬಹುದು.

ನನ್ನ ಪ್ರಶ್ನೆ, 'ಪುಸ್ತಕ ಎಲ್ಲಿದೆ?' ಉತ್ತರ 'ಔಫ್ ಡೇಮ್ ಟಿಶ್', ಅಂದರೆ ಮೇಜಿನ ಮೇಲೆ. ಕನ್ನಡದಲ್ಲಿ ಮೇಜು ಸುಮ್ನೆ 'ಅದು'. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, 'ಡೇರ್ ಟಿಶ್'. ಎಲ್ಲಿದೆ ಅಂತ ಹೇಳುವಾಗ ಆ 'ಡೇರ್' ಹೋಗಿ 'ಡೇಮ್' ಆಗಬೇಕು. ಇದಕ್ಕೆ ಬೇಕಾದ ಗಮನವೆಲ್ಲ 'ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ' ಅನ್ನುವುದಕ್ಕೆ ಖರ್ಚಾಗಿ, ನಾನು 'ಔಫ್ ಡೇರ್ ಟಿಶ್' ಅಂದೆ. ನನಗಿಂತ ಮುಂಚಿನ ಹುಡುಗ 'ಔಫ್ ಡೇಮ್ ಶ್ಟೂಲ್', ಕುರ್ಚಿಯ ಮೇಲೆ, ಅಂತ ಹೇಳಿದ್ದನಂತೆ. ನನಗೆ ಬೇಕಿದ್ದ 'ಡೇಮ್' ಪಕ್ಕದ ಬೆಂಚಿನಲ್ಲೇ ಇತ್ತು.

ಪಾಠ ಮಾಡುವವರಿಗೂ ಇಲ್ಲಿ ಕೆಲಸವಿದೆ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅಮೆರಿಕದ ವಿಜ್ಞಾನ ತರಗತಿಗಳಲ್ಲಿ ಗಮನಿಸಿದ್ದು ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. 3 ಸೆಕೆಂಡ್ ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು. ಭಾಷೆಯ ಕ್ಲಾಸಿಗೆ ಇದು ಇನ್ನೂ ಜಾಸ್ತಿ ಬೇಕು ಅಂತ ನನ್ನ ಅನಿಸಿಕೆ.

ಈಗ ನಾನು ಸರದಿ ಎಣಿಸುವುದನ್ನು ಬಿಟ್ಟಿದ್ದೇನೆ. ಪೆನ್ಸಿಲ್ ಹಿಡಿದು ಮುಂಚಿನವರ ಉತ್ತರ ಬರೆದುಕೊಳ್ಳುತ್ತೇನೆ. ಎದೆ ಡವಡವ ಅನ್ನುವುದು ನಿಂತಿಲ್ಲ. ಆದರೆ 'ಡೇಮ್' ಕೇಳಿಸುತ್ತಿದೆ.